ಸಹಾಯ ಬೇಕು: ವಾಚ್ ತಾನಾಗಿ ಸಿಂಕ್ ಆದರೆ ಆ ಬಳಕೆದಾರರನ್ನು ‘ಸಕ್ರಿಯ’ ಅಂತ ಎಣಿಸಬೇಕೇ?

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ತಂಡ. ನಡಿಗೆ, ಓಟ, ನಿದ್ದೆಯ ಲೆಕ್ಕ ಇಡುವ ಆ್ಯಪ್ ಮಾಡಿದ್ದೇವೆ. ಸ್ಮಾರ್ಟ್‌ವಾಚ್ ಮಾಹಿತಿ ಆಂಡ್ರಾಯ್ಡ್‌ನಲ್ಲಿ ಹೆಲ್ತ್ ಕನೆಕ್ಟ್ ಮೂಲಕ, ಐಫೋನ್‌ನಲ್ಲಿ ಹೆಲ್ತ್‌ಕಿಟ್ ಮೂಲಕ ಬರುತ್ತದೆ (ಎರಡೂ ಆರೋಗ್ಯದ ಡೇಟಾವನ್ನು ಆ್ಯಪ್‌ಗಳ ನಡುವೆ ಹಂಚುವ ವ್ಯವಸ್ಥೆಗಳು).

ಈಗ ಸರ್ವರ್‌ಗೆ ಯಾವುದೇ ರಿಕ್ವೆಸ್ಟ್ ಬಂದರೂ ಆ ಖಾತೆ ಅಂದು ಸಕ್ರಿಯ ಅಂತ ಲೆಕ್ಕ. ಆದರೆ ವಾಚ್ ಕೈಯಲ್ಲಿದ್ದರೆ ಸಾಕು, ಬ್ಯಾಕ್‌ಗ್ರೌಂಡ್‌ನಲ್ಲಿ ಹೆಜ್ಜೆಗಳ ಡೇಟಾ ಬರುತ್ತಲೇ ಇರುತ್ತದೆ. ಆ್ಯಪ್ ತೆರೆಯದವರೂ ಪಟ್ಟಿಯಲ್ಲಿ! ದಿನದ ಸಕ್ರಿಯರನ್ನು ತಿಂಗಳ ಸಕ್ರಿಯರಿಂದ ಭಾಗಿಸಿದರೆ ಬರುವ ಅನುಪಾತ 1ರ ಹತ್ತಿರ ಹೋಗುತ್ತಿದೆ, ಅಂದರೆ ಬಹುತೇಕ ಎಲ್ಲರೂ ದಿನವೂ ಬಳಸುತ್ತಾರೆ ಅಂತ; ಅದನ್ನು ನಂಬುವ ಹಾಗಿಲ್ಲ.

ಹಾಗಂತ ಫೋನಿನಲ್ಲಿ ಆ್ಯಪ್ ತೆರೆದವರನ್ನಷ್ಟೇ ಎಣಿಸಿದರೆ, ಬೆಳಗ್ಗೆ ಓಡಿ ಬಂದು ಹೃದಯ ಬಡಿತ, ದೂರ ಎಲ್ಲ ಮಣಿಕಟ್ಟಿನಲ್ಲೇ ನೋಡಿಕೊಳ್ಳುವವರು ಬಿಟ್ಟುಹೋಗುತ್ತಾರೆ. ನಮ್ಮ ಆ್ಯಪನ್ನು ನಿಜವಾಗಿ ನೆಚ್ಚಿಕೊಂಡವರು ಅವರೇ. ಅವರನ್ನು ಕೈಬಿಡಲು ನನಗೆ ಮನಸ್ಸಿಲ್ಲ. ವಾಚ್‌ಫೇಸ್ ಮೇಲೆ ಸುಮ್ಮನೆ ಕಣ್ಣಾಡಿಸಿದ್ದು ನಮಗೆ ಇವೆಂಟ್ (ಆ್ಯಪ್ ದಾಖಲಿಸಿ ಕಳಿಸುವ ಕ್ರಿಯೆ) ಆಗಿ ಬರುವುದೂ ಇಲ್ಲ.

ಎರಡು ಸಂಖ್ಯೆಗಳನ್ನು ಬೇರೆಬೇರೆ ಇಡೋಣ ಅಂದುಕೊಂಡಿದ್ದೇನೆ: ಫೋನ್ ಅಥವಾ ವಾಚ್‌ನಲ್ಲಿ ತಾವಾಗಿ ಏನಾದರೂ ಒತ್ತಿದವರು, ವ್ಯಾಯಾಮ ಶುರು ಮಾಡಿದವರು ಒಂದು ಕಡೆ, ಬರೀ ಸಿಂಕ್ ಆದವರು ಇನ್ನೊಂದು ಕಡೆ. ಇದು ಸರಿಯೇ?

ಇನ್ನೊಂದು ತೊಡಕು. ಶನಿವಾರದ ನಡಿಗೆ ವಾಚ್‌ನಲ್ಲೇ ಉಳಿದು ಸೋಮವಾರ ಸಿಂಕ್ ಆದರೆ ಯಾವ ದಿನಕ್ಕೆ ಸೇರಿಸುತ್ತೀರಿ? ಶನಿವಾರಕ್ಕೆ ಸೇರಿಸಿದರೆ ಆಗಲೇ ಕಳಿಸಿದ ವರದಿಯ ಅಂಕಿ ಬದಲಾಗುತ್ತದೆ. ದಿನದ ಗಡಿಗೆ ಬಳಕೆದಾರರ ಟೈಮ್‌ಜೋನ್ ಹಿಡಿಯುತ್ತೀರೋ, ಯುಟಿಸಿಯೋ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ)?

ಇಂಥ ಆ್ಯಪ್‌ಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ನಿಮ್ಮಲ್ಲಿ ಯಾವ ಇವೆಂಟ್‌ಗಳನ್ನು ಲೆಕ್ಕಕ್ಕೆ ಹಿಡಿದಿರಿ ಅಂತ ಹೇಳಿದರೂ ಬಹಳ ಉಪಕಾರ.