ಆಫೀಸಿಗೂ ನಂದಿಗೂ ಒಂದೇ ಸೈಕಲ್ ಆಗುತ್ತದಾ? ಓಡಿಸಿದವರ ಅನುಭವ

ಪ್ರಶ್ನೆ

ಮನೆ ಜೆ.ಪಿ. ನಗರ, ಕೆಲಸ ಎಲೆಕ್ಟ್ರಾನಿಕ್ ಸಿಟಿ. ಬೇಗೂರಿನ ಒಳರಸ್ತೆ ಹಿಡಿದರೆ ಒಂದು ಕಡೆಗೆ ಸುಮಾರು 15 ಕಿ.ಮೀ. ಈಗ ಇರುವುದು ಹಳೇ ಹೈಬ್ರಿಡ್, ಅಂದರೆ ನೇರ ಹ್ಯಾಂಡಲಿನ ಸೈಕಲ್. ಭಾನುವಾರ ಒಂದು ಗುಂಪಿನ ಜೊತೆ ಹೋಗುತ್ತೇನೆ. ಅವರೆಲ್ಲ ರೋಡ್ ಬೈಕಿನವರು (ಬಾಗಿದ ಹ್ಯಾಂಡಲಿನ ವೇಗದ ಸೈಕಲ್), ಗಂಟೆಗೆ 30 ಕಿ.ಮೀ. ವೇಗ ಹಿಡಿದರೆ ನಾನು ಹಿಂದೆ ಉಳಿಯುತ್ತೇನೆ. 60 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ರೋಡ್ ಬೈಕ್ ತಗೊಂಡು ಅದನ್ನೇ ದಿನಾ ಆಫೀಸಿಗೂ ಓಡಿಸಬಹುದಾ? ಶೂವನ್ನು ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಬೇಕಾ? ಮಳೆಗಾಲಕ್ಕೆ ಏನು ಮಾಡ್ತೀರಿ? ಮುಂದಿನ ತಿಂಗಳು ನಂದಿ ಬೆಟ್ಟ ಹತ್ತುವ ಆಸೆ ಬೇರೆ ಇದೆ.

ಬನಶಂಕರಿಯಿಂದ

ಧಾರಾಳವಾಗಿ ಓಡಿಸಬಹುದು. ನಾನು ಎಷ್ಟೋ ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಅಂಗಡಿಗೆ ಹೋದಾಗ ಎಲ್ಲಕ್ಕಿಂತ ಮೊದಲು ಒಂದು ವಿಷಯ ಕೇಳಿ: ಈ ಫ್ರೇಮಿಗೆ ಎಷ್ಟು ಅಗಲದ ಟೈರ್ ಹಿಡಿಸುತ್ತದೆ? 25 ಮಿ.ಮೀ.ಗೆ ನಿಲ್ಲುವ ಫ್ರೇಮ್ ಆದರೆ ವಾಪಸ್ ಬನ್ನಿ. ಬೇಗೂರು ರಸ್ತೆಗೆ ಕನಿಷ್ಠ 28 ಬೇಕು, 32 ಹಿಡಿಸಿದರೆ ಇನ್ನೂ ಒಳ್ಳೆಯದು. ತೆಳು ಟೈರ್ ಅಂದರೆ ಜಾಸ್ತಿ ವೇಗ ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. ನುಣುಪಾದ ಟ್ರ್ಯಾಕಿನ ಮೇಲೆ ಅದು ಸರಿ ಇರಬಹುದು. ನಮ್ಮ ರಸ್ತೆಯಲ್ಲಿ ಟೈರ್ ಕಲ್ಲುಕಲ್ಲಿಗೂ ಪುಟಿಯುತ್ತದೆ, ಪುಟಿದಾಗಲೆಲ್ಲ ನೀವು ಹಾಕಿದ ಶಕ್ತಿ ಸುಮ್ನೆ ಪೋಲಾಗುತ್ತದೆ.

ಗಾಳಿಯ ಲೆಕ್ಕಕ್ಕೆ ಬರೋಣ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿ. ಅಷ್ಟು ತುಂಬಿಸಲೇಬೇಕು ಅಂತ ಅದರ ಅರ್ಥ ಅಲ್ಲ. 75 ಕಿಲೋ ತೂಕದವರಿಗೆ 28ರ ಟೈರಿನಲ್ಲಿ ಹಿಂದೆ 75-80 ಪಿಎಸ್‌ಐ, ಮುಂದೆ 65-70 ಸಾಕು. 32 ಆದರೆ ಹಿಂದೆ 60, ಮುಂದೆ 50-55. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ ಇರುವುದರಿಂದ ಈ ವ್ಯತ್ಯಾಸ. ತೀರಾ ಕಡಿಮೆ ಮಾಡಿದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ಮೀಟರ್ ಇರುವ, ನಿಂತು ಒತ್ತುವ ಪಂಪ್ ಮನೆಯಲ್ಲಿ ಇರಲಿ. ಇಷ್ಟು ಸಣ್ಣ ಟ್ಯೂಬಿನಲ್ಲಿ ಒಂದೇ ವಾರಕ್ಕೆ ಗಾಳಿ ಎಷ್ಟೋ ಇಳಿದಿರುತ್ತದೆ, ಬೆರಳಲ್ಲಿ ಒತ್ತಿದರೆ ಅದು ಗೊತ್ತಾಗುವುದಿಲ್ಲ.

ಗೇರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಶಿಮಾನೋ ಕಂಪನಿಯ ಗೇರುಗಳಲ್ಲಿ ಕ್ಲಾರಿಸ್ ಆದರೆ ಹಿಂದೆ 8 ಹಲ್ಲುಚಕ್ರ, ಸೋರಾ 9, ಟಿಯಾಗ್ರಾ 10. ಮೂರೂ ಚೆನ್ನಾಗಿ ಕೆಲಸ ಮಾಡುತ್ತವೆ. ದಿನಾ ಓಡಿಸುವವರಿಗೆ 8ರದ್ದೇ ವಾಸಿ ಅಂತ ನನ್ನ ಅಭಿಪ್ರಾಯ. ಚೈನು, ಕ್ಯಾಸೆಟ್ಟು (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಎರಡೂ ಅಗ್ಗ, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ನಂದಿಗೆ ಬೇಕಾಗುವುದು ಕೊನೆಯ ಹಗುರ ಗೇರು. ಮುಂದಿನ ಚಿಕ್ಕ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ದೊಡ್ಡದರಲ್ಲಿ 32 ಇದೆಯಾ ನೋಡಿ.

ಎಲ್ಲ ಹಣವನ್ನೂ ಸೈಕಲ್ಲಿಗೇ ಸುರಿಯಬೇಡಿ. ಒಂದು ಹತ್ತು ಸಾವಿರ ಪಕ್ಕಕ್ಕೆ ಎತ್ತಿಡಿ. ಹೆಲ್ಮೆಟ್, ಲೈಟು, ಪಂಪು, ಬೀಗ, ಪ್ಯಾಡ್ ಇರುವ ಚಡ್ಡಿ ಅಂತ ತಗೊಳ್ಳುವಷ್ಟರಲ್ಲಿ ಅದು ಖಾಲಿ. ಹಿಂದಿನ ಕೆಂಪು ಲೈಟು ಎರಡಿರಲಿ. ಒಂದರ ಚಾರ್ಜ್ ಮುಗಿದದ್ದು ಸವಾರಿ ಮಾಡುವವರಿಗೆ ಕಾಣುವುದೇ ಇಲ್ಲ ಅಲ್ವಾ. ಪ್ಯಾಂಟಿಗೆ ಕಟ್ಟುವ ಹೊಳೆಯುವ ಪಟ್ಟಿ ಕೂಡ ತಗೊಳ್ಳಿ. ಪೆಡಲ್ ತುಳಿದಂತೆ ಅದು ಮೇಲೆ ಕೆಳಗೆ ಆಡುವುದರಿಂದ ಹಿಂದೆ ಬರುವ ಟ್ಯಾಂಕರ್ ಡ್ರೈವರಿಗೆ ಮುಂದಿರುವುದು ಸೈಕಲ್ ಅಂತ ಬೇಗ ಹೊಳೆಯುತ್ತದೆ.

ಮೈಸೂರಿನಿಂದ

ಕ್ಲೀಟ್ ಬಗ್ಗೆ ಮಾತ್ರ ಹೇಳುತ್ತೇನೆ. ಸಿಗ್ನಲ್ಲು, ಹಂಪು, ಅಡ್ಡ ಬರುವ ಆಟೋಗಳ ನಡುವೆ ಅದು ಬೇಡ. ಅಗಲವಾದ, ಮೊಳೆ ಇರುವ ಚಪ್ಪಟೆ ಪೆಡಲ್ ಮತ್ತು ಗಟ್ಟಿ ಅಡಿಯ ಶೂ ಸಾಕು. ಹಾಕಲೇಬೇಕು ಅಂದರೆ ಎಸ್‌ಪಿಡಿ ಅನ್ನುವ ಎರಡು ಬೋಲ್ಟಿನ ಬಗೆಯ ಪೆಡಲ್ ತಗೊಳ್ಳಿ. ಅದರ ಕ್ಲೀಟ್ ಶೂವಿನ ಅಡಿಯೊಳಗೆ ಹುದುಗಿರುತ್ತದೆ, ಆಫೀಸಿನ ಮೆಟ್ಟಿಲಲ್ಲಿ ಜಾರುವುದಿಲ್ಲ. ಮೂರು ಬೋಲ್ಟಿನದ್ದು ರೇಸಿಗೆ. ನಡೆದಾಡಲು ಅದು ಬಲು ಕಷ್ಟ.

ಮಂಗಳೂರಿನಿಂದ

ಮಳೆಯ ಬಗ್ಗೆ ನಮ್ಮನ್ನು ಕೇಳಿ. ಇಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಅದೇ ಕತೆ, ಜೊತೆಗೆ ಕಡಲಿನ ಉಪ್ಪು ಗಾಳಿ.

ಮಡ್‌ಗಾರ್ಡ್ ಹಾಕುವುದಾದರೆ ಪೂರ್ತಿ ಉದ್ದದ್ದೇ ಹಾಕಿ. ಫ್ರೇಮಿನಲ್ಲಿ ಅದಕ್ಕೆ ತೂತು ಇದೆಯಾ ಅಂತ ಕೊಳ್ಳುವಾಗಲೇ ನೋಡಿ. ಸೀಟಿನಡಿ ಸಿಕ್ಕಿಸುವ ತುಂಡು ಪ್ಲಾಸ್ಟಿಕ್ ನಿಮ್ಮ ಬೆನ್ನನ್ನು ಕಾಪಾಡುತ್ತದೆ, ಆದರೆ ಮುಂದಿನ ಚಕ್ರದ ಕೆಸರು ನೇರ ಚೈನಿಗೆ, ಶೂವಿಗೆ ಬಡಿಯುತ್ತದೆ. ಬ್ಯಾಗನ್ನು ಬೆನ್ನಿಗೆ ಹಾಕಬೇಡಿ. ಕ್ಯಾರಿಯರ್ ಇಟ್ಟು ಪಕ್ಕದಲ್ಲಿ ನೇತುಹಾಕುವ ಚೀಲ ತಗೊಳ್ಳಿ. ಬೆನ್ನಿಗೆ ಗಾಳಿಯಾಡಿದರೆ ಅರ್ಧ ಬೆವರು ಕಡಿಮೆ.

ಚೈನಿಗೆ ಮಳೆಗಾಲದಲ್ಲಿ ವೆಟ್ ಲ್ಯೂಬ್ (ನೀರಿಗೆ ಬೇಗ ತೊಳೆದುಹೋಗದ ಎಣ್ಣೆ), ಬೇಸಗೆಯಲ್ಲಿ ಡ್ರೈ ಲ್ಯೂಬ್. ಡಬ್ಲ್ಯುಡಿ-40 ಇರುವುದು ನೀರು ಹೊರದೂಡುವುದಕ್ಕೆ. ನೆನೆದು ಬಂದ ದಿನ ಅದನ್ನು ಹೊಡೆದು ಒರೆಸಬಹುದು, ಆದರೆ ಆಮೇಲೆ ಎಣ್ಣೆ ಬಿಡಲೇಬೇಕು. ಒಂದೊಂದು ಕೊಂಡಿಗೂ ಒಂದೊಂದು ಹನಿ, ಒಳಬದಿಯಿಂದ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಬಿಟ್ಟರೆ ಎರಡು ನಿಮಿಷದ ಕೆಲಸ. ಸ್ವಲ್ಪ ಹೊತ್ತು ಬಿಟ್ಟು ಹಳೇ ಬನಿಯನ್ ಬಟ್ಟೆಯಲ್ಲಿ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಿರುವುದು ಕೊಂಡಿಯ ಒಳಗೆ, ಹೊರಗೆ ಉಳಿದದ್ದು ಮಣ್ಣು ಹಿಡಿಯುತ್ತದೆ.

ಚೈನು ಸವೆದಿದೆಯಾ ಅಂತ ನೋಡಲು ಸ್ಟೀಲಿನ ಇಂಚು ಪಟ್ಟಿ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಕ್ಕೆ 24ನೇ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು. ಅದು 12 ಇಂಚು ದಾಟಿ ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಆಗಿದ್ದರೆ ಚೈನ್ ಬದಲಿಸುವ ಹೊತ್ತು. ಎಂಟನೇ ಒಂದು ಭಾಗ ದಾಟಿದರೆ ಕ್ಯಾಸೆಟ್ಟಿನ ಹಲ್ಲೂ ಅದರ ಜೊತೆ ಸವೆದಿರುತ್ತದೆ, ಆಗ ಎರಡಕ್ಕೂ ದುಡ್ಡು ಕೊಡಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಳೆಯಿರಿ.

ಬಜೆಟ್ಟಿನಲ್ಲಿ ಡಿಸ್ಕ್ ಬ್ರೇಕ್ ಸಿಕ್ಕರೆ ಬಿಡಬೇಡಿ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಇದ್ದರೂ ಹೆದರಬೇಕಿಲ್ಲ. ಒದ್ದೆ ರಿಮ್ಮಿನಲ್ಲಿ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಅದಕ್ಕೆ ಮುಂಚೆಯೇ ಹಗುರವಾಗಿ ಒತ್ತಬೇಕು. ವಾರಕ್ಕೊಮ್ಮೆ ಚಕ್ರ ಬಿಚ್ಚಿ ಬ್ರೇಕಿನ ರಬ್ಬರ್ ನೋಡಿ. ಮರಳು, ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಚೂರು ಸಿಕ್ಕಿಕೊಂಡಿರುತ್ತದೆ. ಪಿನ್ನಿನಿಂದ ಕಿತ್ತು ತೆಗೆಯಿರಿ. ಬ್ರೇಕ್ ಹಿಡಿದಾಗ ಕರಕರ ಸದ್ದು ಬಂತು ಅಂದರೆ ಆ ಚೂರುಗಳು ನಿಮ್ಮ ರಿಮ್ಮನ್ನು ಕೊರೆಯುತ್ತಿವೆ ಅಂತ ತಿಳಿಯಿರಿ.

ವಿಜಯಪುರದಿಂದ

ನಮ್ಮ ಕಡೆ ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಸೈಕಲ್ ರೇಸಿಗೆ ಹೆಸರಾದವರು. ಬೆಳಗಿನ ಜಾವ ಹೆದ್ದಾರಿಗೆ ಬಂದರೆ ಸಾಲಾಗಿ ಹೋಗುತ್ತಿರುತ್ತಾರೆ. ಅವರನ್ನು ನೋಡಿದರೆ ನಿಮ್ಮ 30ರ ವೇಗದ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಬಯಲಿನಲ್ಲಿ ನಿಮ್ಮನ್ನು ತಡೆಯುವುದು ಗಾಳಿ. 25ರಿಂದ 30ಕ್ಕೆ ಏರಿಸಲು ಗಾಳಿಯನ್ನು ಸೀಳುವುದಕ್ಕೇ ಹೆಚ್ಚುಕಮ್ಮಿ ಒಂದೂಮುಕ್ಕಾಲು ಪಟ್ಟು ಶಕ್ತಿ ಬೇಕು. ಹೈಬ್ರಿಡ್ಡಿನಲ್ಲಿ ಎದೆ ಸೆಟೆದು ಕೂತಿರುತ್ತೀರಿ, ರೋಡ್ ಬೈಕಿನಲ್ಲಿ ಮೈ ಬಗ್ಗುತ್ತದೆ. ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ಹಾಗಾಗಿ ಹೊಸ ಸೈಕಲ್ಲಿನಿಂದ ಪ್ರಯೋಜನ ಖಂಡಿತ ಇದೆ. ಆದರೆ ಅದಕ್ಕಿಂತ ದೊಡ್ಡದು ಮುಂದಿನವರ ಚಕ್ರದ ಹಿಂದೆ ನಿಲ್ಲುವ ಕಲೆ. ಚೆನ್ನಾಗಿ ನಿಂತರೆ ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಹೊಸದರಲ್ಲಿ ಒಂದು ಸೈಕಲ್ಲಿನಷ್ಟು ಅಂತರ ಬಿಡಿ. ಮುಂದಿನ ಟೈರನ್ನೇ ನೋಡುತ್ತಾ ಕೂರದೆ ಅವರ ಭುಜದ ಆಚೆಗೆ ಕಣ್ಣಿಡಿ. ದಿಢೀರ್ ಬ್ರೇಕ್ ಹಾಕಬೇಡಿ, ತುಳಿಯುವುದು ನಿಲ್ಲಿಸಿದರೆ ಸಾಕು, ಗಾಳಿಯೇ ತಡೆಯುತ್ತದೆ. ನಮ್ಮೂರಿನ ಅಡ್ಡಗಾಳಿಯಲ್ಲಿ ಗಾಳಿಯ ಮರೆ ನೇರ ಹಿಂದೆ ಸಿಗುವುದಿಲ್ಲ, ಗಾಳಿ ಬಾರದ ಪಕ್ಕಕ್ಕೆ ಸ್ವಲ್ಪ ಸರಿದು ನಿಲ್ಲಬೇಕು. ಅದಕ್ಕೆ ರಸ್ತೆ ಖಾಲಿ ಇರಬೇಕು ಅನ್ನುವುದನ್ನು ಮರೆಯಬೇಡಿ.

ತೂಕದ ಲೆಕ್ಕ ಕೇಳಿ. ನೀವು, ಸೈಕಲ್ಲು, ನೀರು ಸೇರಿ 85 ಕಿಲೋ ಅಂದುಕೊಳ್ಳೋಣ. ನಂದಿ ಹತ್ತಲು ನಿಮಗೆ 40 ನಿಮಿಷ ಬೇಕು ಅನ್ನಿ. ಸೈಕಲ್ಲಿನಲ್ಲಿ ಒಂದು ಕಿಲೋ ಇಳಿಸಿದರೆ ಅರ್ಧ ನಿಮಿಷವೂ ಉಳಿಯುವುದಿಲ್ಲ. ಆ ಒಂದು ಕಿಲೋಗೆ ಅಂಗಡಿಯವರು ಕೇಳುವ ಬೆಲೆ ನಿಮಗೇ ಗೊತ್ತು. ಅದರ ಬದಲು ವಾರದಲ್ಲಿ ಎರಡು ದಿನ ಆಫೀಸಿನಿಂದ ಬರುವಾಗ ಸ್ವಲ್ಪ ಸುತ್ತಿ ಬನ್ನಿ. ಮಾತಾಡುತ್ತಾ ತುಳಿಯುವಷ್ಟು ಹದದಲ್ಲಿ ಒಂದೂವರೆ ಗಂಟೆ. ನಿಮಿಷಕ್ಕೆ 80-90 ಸುತ್ತು ಕಾಲು ತಿರುಗಲಿ. ಭಾರದ ಗೇರು ಹಾಕಿ ದಬಾಯಿಸಿದರೆ ಮಂಡಿ ಹೋಗುತ್ತದೆ.

ನಮ್ಮಲ್ಲಿ ಪಂಕ್ಚರಿಗೆ ಮುಖ್ಯ ಕಾರಣ ಬಳ್ಳಾರಿ ಜಾಲಿ ಮುಳ್ಳು. ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ, ಮೆಲ್ಲಗೆ. ಮುರಿದ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ. ಮುಳ್ಳು ಯಾವ ಜಾಗದಲ್ಲಿದೆ ಅಂತ ಸುಲಭವಾಗಿ ಗೊತ್ತಾಗಬೇಕಾದರೆ ಟೈರಿನ ಹೆಸರು ಬರೆದಿರುವ ಜಾಗ ಯಾವಾಗಲೂ ವಾಲ್ವಿನ ಪಕ್ಕಕ್ಕೆ ಬರುವ ಹಾಗೆ ಕೂರಿಸಿ. ಟ್ಯೂಬಿನಲ್ಲಿ ತೂತು ಎಲ್ಲಿದೆಯೋ ಅದೇ ಅಳತೆಗೆ ಟೈರಿನಲ್ಲಿ ಹುಡುಕಿದರೆ ಆಯ್ತು.

ಐಂಡ್‌ಹೋವನ್‌ನಿಂದ

ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸದಲ್ಲಿರುವ ಕನ್ನಡಿಗ ನಾನು. ಇಲ್ಲಿ ಆಫೀಸಿಗೆ ಹೋಗುವ ಸೈಕಲ್ಲೇ ಬೇರೆ. ಭಾರ ಜಾಸ್ತಿ, ಚೈನಿಗೆ ಮುಚ್ಚಳ, ಮಡ್‌ಗಾರ್ಡ್, ಚಕ್ರದಲ್ಲೇ ಡೈನಮೋ. ಜೀನ್ಸ್ ಹಾಕಿಕೊಂಡೇ ಹೋಗುತ್ತಾರೆ. ರೋಡ್ ಬೈಕ್ ಶನಿವಾರ, ಭಾನುವಾರಕ್ಕೆ. ಹಾಗಾಗಿ ನಿಮ್ಮ ಹೈಬ್ರಿಡ್ ಮಾರಬೇಡಿ ಅನ್ನುತ್ತೇನೆ. ಅದಕ್ಕೆ ನುಣುಪು ಟೈರು, ಕ್ಯಾರಿಯರ್, ಮಡ್‌ಗಾರ್ಡ್ ಹಾಕಿ ಆಫೀಸಿಗೆ ಬಿಡಿ. ಮಾರಿದರೂ ಅದಕ್ಕೆ ಬರುವ ಹಣ ಎಷ್ಟು ಹೇಳಿ? ಒಂದು ಕೆಟ್ಟು ನಿಂತರೆ ಇನ್ನೊಂದು ಇರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಥ್ಯಾಂಕ್ಸ್. ಹೈಬ್ರಿಡ್ ಇಟ್ಟುಕೊಳ್ಳುತ್ತೇನೆ. ಇನ್ನೆರಡು ವಿಷಯ. ಒಂದು ಗಂಟೆ ಕಳೆದರೆ ಅಂಗೈ ಮರಗಟ್ಟುತ್ತದೆ, ಮಂಡಿಯ ಮುಂಭಾಗ ನೋಯುತ್ತದೆ. ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡರೆ ಹೇಗೆ?

ಮಲ್ಲೇಶ್ವರದಿಂದ

ಮಂಡಿಯ ಮುಂಭಾಗ ನೋಯುತ್ತಿದ್ದರೆ ಮೊದಲು ಸೀಟಿನ ಎತ್ತರ ನೋಡಿ. ಬಹಳಷ್ಟು ಜನ ಸೀಟನ್ನು ತಗ್ಗಿಸಿಯೇ ಓಡಿಸುತ್ತಾರೆ, ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕೆ ಸಿಗಲಿ ಅಂತ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿಯಲ್ಲಿ ಬೇಕಾದಷ್ಟು ಬಾಗು ತಾನಾಗಿ ಬರುತ್ತದೆ. ಬದಲಿಸುವುದಾದರೆ ಒಂದು ಸಲಕ್ಕೆ ನಾಲ್ಕೈದು ಮಿ.ಮೀ. ಮಾತ್ರ, ಹಳೇ ಗುರುತಿಗೆ ಟೇಪ್ ಅಂಟಿಸಿ. ಸರಿ ಮಾಡಿ ಎರಡು ವಾರವಾದರೂ ನೋವು ಇಳಿಯದಿದ್ದರೆ ಫಿಸಿಯೋ ಹತ್ತಿರ ಹೋಗಿ, ಹಲ್ಲು ಕಚ್ಚಿ ತುಳಿಯಬೇಡಿ.

ಅಂಗೈ ಮರಗಟ್ಟುವುದಕ್ಕೆ ಎಲ್ಲರೂ ಗ್ಲೌಸ್ ತಗೊಳ್ಳಿ ಅನ್ನುತ್ತಾರೆ. ಹಾಕಿಕೊಳ್ಳಿ, ಆದರೆ ಮೂಲ ಅಲ್ಲಿಲ್ಲ. ಸೀಟಿನ ಮೂಗು ಕೆಳಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬರುತ್ತದೆ. ಅದನ್ನು ಮಟ್ಟ ಮಾಡಿ. ಹ್ಯಾಂಡಲ್ ತೀರಾ ದೂರ ಇದ್ದರೂ ಹೀಗೇ ಆಗುತ್ತದೆ, ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಹಿಡಿದಿರುವ ತುಂಡು) ಹಾಕಿಸಿ. ಮೊಣಕೈ ಸ್ವಲ್ಪ ಮಡಿಸಿಟ್ಟುಕೊಳ್ಳಿ.

ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೂ ಒಂದು ಮಾತು. ಸೈಕಲ್ ಜೊತೆ ಬಂದ ಸೀಟಿಗೇ ಮೈ ಒಗ್ಗಿಸಿಕೊಳ್ಳಬೇಕು ಅಂತ ಏನೂ ಇಲ್ಲ. ನಮ್ಮ ಕೂರುವ ಎಲುಬುಗಳ ನಡುವಿನ ಅಂತರ ಸಾಮಾನ್ಯವಾಗಿ ಜಾಸ್ತಿ. ಅದಕ್ಕೆ ತಕ್ಕ ಅಗಲದ, ನಡುವೆ ಸೀಳಿರುವ ಸೀಟು ಹುಡುಕಿ. ಮೆತ್ತಗಿರುವುದೆಲ್ಲ ಒಳ್ಳೆಯದಲ್ಲ. ದಪ್ಪ ಜೆಲ್ ಸೀಟು ಅರ್ಧ ಗಂಟೆ ಹಿತ, ಆಮೇಲೆ ಉಜ್ಜುತ್ತದೆ. ಪ್ಯಾಡ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಬೇಡ, ಅದರ ಹೊಲಿಗೆಯಿಂದಲೇ ಗಾಯ ಆಗುವುದು.

ನಂದಿಗೆ ಹೋಗುವ ದಿನ ಬುಡದಿಂದಲೇ ಜೋಶ್ ತೋರಿಸಬೇಡಿ. 40 ತಿರುವುಗಳಿವೆ, ಮೇಲೆ ಹೋದಂತೆ ಏರು ಜಾಸ್ತಿ. ಮೊದಲ ಅರ್ಧ ಇಷ್ಟೇನಾ ಅನ್ನಿಸುವಷ್ಟು ನಿಧಾನಕ್ಕೆ ಹತ್ತಿ. ಇಳಿಯುವಾಗ ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಒತ್ತಬೇಡಿ. ಮೇಲೆ ಚಳಿ ಇರುತ್ತದೆ, ಬೆವರಿದ ಮೈಗೆ ಒಂದು ತೆಳು ಜಾಕೆಟ್ ಬೇಕು.

ಬನಶಂಕರಿಯಿಂದ ಮತ್ತೊಮ್ಮೆ

ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಇದೇ ಹಣಕ್ಕೆ ಒಂದು ಮೆಟ್ಟಿಲು ಮೇಲಿನದ್ದು ಸಿಗುತ್ತದೆ. ಬೆಳಕಿರುವಾಗಲೇ ನೋಡಲು ಹೋಗಿ. ಇಂಚು ಪಟ್ಟಿ ಜೇಬಲ್ಲಿರಲಿ, ಮಂಗಳೂರಿನವರು ಹೇಳಿದ ಹಾಗೆ ಚೈನ್ ಅಳೆಯಿರಿ. ಚಕ್ರ ಎತ್ತಿ ತಿರುಗಿಸಿ ಓಲಾಡುತ್ತದಾ ನೋಡಿ. ರಿಮ್ ಬ್ರೇಕಿನದ್ದಾದರೆ ರಿಮ್ಮಿನ ಪಕ್ಕ ಬೆರಳಿಟ್ಟು ನೋಡಿ, ಒಳಗೆ ಬಾಗಿ ಗುಳಿ ಬಿದ್ದಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂತು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲಿನ ಬುಡದಲ್ಲಿ ಟಕ್ ಟಕ್ ಅಂದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲ, ಅದು ಸಣ್ಣ ರಿಪೇರಿ. ಹ್ಯಾಂಡಲಿನಿಂದ ಪೆಡಲಿಗೆ ಇಳಿಯುವ ದಪ್ಪ ಕೊಳವೆಯ ಅಡಿಭಾಗವನ್ನು ಬಟ್ಟೆಯಲ್ಲಿ ಒರೆಸಿ ನೋಡಿ. ಬೆಸುಗೆಯ ಹತ್ತಿರ ಕೂದಲೆಳೆಯಷ್ಟು ಬಿರುಕು ಕಂಡರೂ ಎಷ್ಟೇ ಕಡಿಮೆ ಬೆಲೆ ಹೇಳಲಿ, ಬೇಡ. ಫ್ರೇಮ್ ನಂಬರ್ ಸಾಮಾನ್ಯವಾಗಿ ಪೆಡಲುಗಳ ನಡುವೆ ಫ್ರೇಮಿನ ಅಡಿಯಲ್ಲಿ ಕೊರೆದಿರುತ್ತದೆ, ಅದನ್ನು ಬಿಲ್ಲಿನ ಜೊತೆ ತಾಳೆ ನೋಡಿ. ಬಿಲ್ ಇಲ್ಲ ಅಂದರೆ ಅಲ್ಲಿಂದ ಹೊರಟುಬಿಡಿ. ಈ ಶನಿವಾರ ನೋಡಲು ಹೋಗುವುದಾದರೆ ಬೆಳಿಗ್ಗೆ ನಾನು ಬಿಡುವಾಗಿದ್ದೇನೆ, ಜೊತೆಗೆ ಬರುತ್ತೇನೆ.