ಅಭ್ಯರ್ಥಿ ಒಬ್ಬರೇ, ಒಬ್ಬೊಬ್ಬರಿಗೆ ಒಂದೊಂದು ಥರ ಕಾಣೋದು ಯಾಕೆ?

ವಿದ್ಯಾನಗರದ ಅಂಗಡಿಯವ, ಹುಬ್ಬಳ್ಳಿ:
2023ರಲ್ಲಿ ಜಗದೀಶ ಶೆಟ್ಟರ್ ಬಿಜೆಪಿ ಬಿಟ್ಟು ಕಾಂಗ್ರೆಸ್‌ನಿಂದ ನಿಂತರಲ್ಲ, ಆಗ ನನ್ನ ಸ್ಟೇಷನರಿ ಅಂಗಡಿ ಮುಂದೆ ದಿನಾ ವಾದ. ನಮ್ಮ ಮಾವ, ‘ಪಕ್ಷ ಬದಲಾದರೇನು, ಅವರ ವಿಚಾರ ನಮ್ಮದೇ’ ಅನ್ನುತ್ತಿದ್ದರು. ಪಕ್ಕದ ಟೇಲರ್, ‘ಈಗವರು ಪೂರ್ತಿ ಆ ಕಡೆ’ ಅನ್ನುತ್ತಿದ್ದ. ಇಬ್ಬರೂ ಅವರ ಭಾಷಣ ಒಂದನ್ನೂ ಪೂರ್ತಿ ಕೇಳಿದವರಲ್ಲ! ಶೆಟ್ಟರ್ ಸೋತರು, 2024ರ ಜನವರಿಯಲ್ಲಿ ಬಿಜೆಪಿಗೆ ವಾಪಸ್ಸೂ ಹೋದರು. ನನ್ನ ಪ್ರಶ್ನೆ ಮಾತ್ರ ಹಾಗೇ ಇದೆ.

ನಿವೃತ್ತ ಮೇಷ್ಟ್ರು, ಧಾರವಾಡ:
ಇದರ ಮೇಲೆ ಸಂಶೋಧನೆ ಇದೆ ರೀ. ಅಮೆರಿಕದ ಚುನಾವಣಾ ಸಮೀಕ್ಷೆಯಲ್ಲಿ 1970ರ ದಶಕದಿಂದ 7 ಹಂತದ ಗೆರೆ ಕೊಡುತ್ತಾರೆ: ಒಂದು ತುದಿಗೆ ಉದಾರವಾದಿ, ಅಂದರೆ ಎಡ; ಇನ್ನೊಂದು ತುದಿಗೆ ಸಂಪ್ರದಾಯವಾದಿ, ಅಂದರೆ ಬಲ. ನೀವೆಲ್ಲಿ, ಅಭ್ಯರ್ಥಿ ಎಲ್ಲಿ ಅಂತ ಗುರುತಿಸಬೇಕು. ಇಷ್ಟದವರನ್ನು ಜನ ತಮ್ಮ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ, ಆಗದವರನ್ನು ಇನ್ನೂ ಆಚೆ ತಳ್ಳುತ್ತಾರೆ. ಅಭ್ಯರ್ಥಿಯ ನಿಲುವು ಮಸುಕಾಗಿದ್ದರೆ ಎಳೆಯೋದು ಸಲೀಸು.

ಗದಗದ ರೈತ:
ಸರ್, ಇಲ್ಲಿ ಎಡ-ಬಲ ಯಾರು ಕೇಳುತ್ತಾರೆ? ಮಹದಾಯಿ ನೋಡಿ. ನೀರು ಬೇಕು ಅಂತ ಎಲ್ಲ ಪಕ್ಷದವರೂ ಹೇಳುತ್ತಾರೆ. ಹೇಗೆ, ಯಾವಾಗ ಅಂತ ಕೇಳಿದರೆ ಸುಮ್ನಾಗುತ್ತಾರೆ. ಆ ಖಾಲಿ ಜಾಗದಲ್ಲಿ ನಮಗೆ ಬೇಕಾದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಅವರಿಗೂ ಅದೇ ಬೇಕು, ಅಲ್ವಾ?