ಪುಟ್ಟ ಸುಡೋಕು: ಮಗಳು ಊಹಿಸಿ ಬರೆಯುತ್ತಾಳೆ, ಏನು ಮಾಡಲಿ?

ಪ್ರಶ್ನೆ (ಒಬ್ಬ ತಾಯಿ):

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಏಳು ವರ್ಷ, ಎರಡನೆಯ ತರಗತಿ. ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲುಗಳ ಪುಟ್ಟ ಸುಡೋಕುವನ್ನು ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದು ನಾನೇ ಮಾಡಿಕೊಡುತ್ತಿದ್ದೇನೆ. ಪ್ರತಿ ಸಾಲಿನಲ್ಲೂ, ನಾಲ್ಕು ಮನೆಗಳ ಪ್ರತಿ ಚೌಕದಲ್ಲೂ 1ರಿಂದ 4ರವರೆಗಿನ ಅಂಕೆಗಳು ಒಂದೊಂದೇ ಸಲ ಬರಬೇಕೆಂಬ ನಿಯಮ ಅವಳಿಗೆ ಬಾಯಿಪಾಠವಾಗಿದೆ. ಆದರೂ ಅರ್ಧ ತುಂಬಿದ ಮೇಲೆ ಊಹೆಯಿಂದ ಬರೆಯತೊಡಗುತ್ತಾಳೆ. ನನ್ನ ಉತ್ತರದೊಡನೆ ಹೋಲಿಸಿ ತಪ್ಪೆಂದರೆ ಅಳುತ್ತಾಳೆ. ನಿನ್ನೆಯದು ಹೀಗಿತ್ತು (ಗೆರೆ ಇರುವುದು ಖಾಲಿ ಮನೆ):

1 2 – –
3 – 1 –
2 – – –
– 3 – 1

ಯೋಚಿಸಿ ಬರೆಯುವುದನ್ನು ಕಲಿಸುವುದು ಹೇಗೆ?

ಉತ್ತರ (ಪ್ರಾಥಮಿಕ ಶಾಲಾ ಶಿಕ್ಷಕಿ):

ನಿಯಮ ಗೊತ್ತಿರುವುದು ಬೇರೆ, ಆ ನಿಯಮದಿಂದ ಒಂದು ತೀರ್ಮಾನಕ್ಕೆ ಬರುವುದು ಬೇರೆ. ತರಗತಿಯಲ್ಲಿ ನಾನು ‘ಇಲ್ಲಿ ಯಾವ ಅಂಕೆ ಬರುತ್ತದೆ?’ ಎಂದು ಕೇಳುವುದನ್ನೇ ಬಿಟ್ಟಿದ್ದೇನೆ, ಏಕೆಂದರೆ ಆ ಪ್ರಶ್ನೆಗೆ ಮಕ್ಕಳು ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಾರೆ. ‘ಇಲ್ಲಿ ಯಾವುದು ಬರಲಾರದು, ಏಕೆ?’ ಎಂದು ಕೇಳಿದರೆ ಮಾತ್ರ ಅವರ ಕಣ್ಣು ಸಾಲಿನುದ್ದಕ್ಕೂ ಓಡುತ್ತದೆ. ನಿಮ್ಮ ಎರಡನೆಯ ಅಡ್ಡಸಾಲಿನ ಎರಡನೆಯ ಮನೆಯನ್ನೇ ನೋಡಿ: ಅದರ ಚೌಕದಲ್ಲಿ 1, 2, 3 ಮೂರೂ ಇರುವುದರಿಂದ ಉಳಿದದ್ದು 4. ಅದು ತುಂಬಿದ ಮೇಲೆ ಆ ಸಾಲಿನ ಕೊನೆಗೆ 2 ತಾನಾಗಿ ಬಂದು ಕೂರುತ್ತದೆ. ಬರೆಯುವ ಮುನ್ನ ಕಾರಣವನ್ನು ಗಟ್ಟಿಯಾಗಿ ಹೇಳಿಸಿ. ‘ಯಾಕಂದ್ರೆ’ ಎನ್ನದೆ ಪೆನ್ಸಿಲು ಹಾಳೆ ಮುಟ್ಟಬಾರದು.

ಕೆಲವು ದಿನ ಅಂಕೆಗಳ ಬದಲು ನಾಲ್ಕು ಬಣ್ಣದ ಗುಂಡಿಗಳನ್ನು ಇಡಿಸಿದರೂ ಆದೀತು. ರಬ್ಬರಿನಿಂದ ಉಜ್ಜಿ ಉಜ್ಜಿ ಹರಿದ ಹಾಳೆ ಮಗುವಿನ ಮನಸ್ಸನ್ನು ಕುಗ್ಗಿಸುತ್ತದೆ, ಗುಂಡಿಯನ್ನಾದರೆ ಎತ್ತಿ ಬೇರೆಡೆ ಇಟ್ಟರಾಯಿತು.

ಉತ್ತರ (ಒಗಟುಪ್ರಿಯ):

ಶಿಕ್ಷಕಿಯವರು ಹೇಳಿದ ಕ್ರಮ ಸರಿಯಾಗಿದೆ, ಆದರೆ ನಿನ್ನೆಯ ತಪ್ಪು ಮಗುವಿನದಲ್ಲ. ನಿಮ್ಮ ಒಗಟನ್ನು ಬಿಡಿಸಲು ನಾನೇ ಕುಳಿತೆ. ಒಂಬತ್ತು ಖಾಲಿ ಮನೆಗಳಲ್ಲಿ ಐದು ತರ್ಕದಿಂದಲೇ ತುಂಬುತ್ತವೆ; ಉಳಿಯುವುದು ಒಂದನೆಯ ಮತ್ತು ಮೂರನೆಯ ಅಡ್ಡಸಾಲುಗಳ ಕೊನೆಯ ಎರಡೆರಡು ಮನೆಗಳು. ಅಲ್ಲಿ ಮೇಲೆ 3, 4 ಎಂದೂ ಕೆಳಗೆ 4, 3 ಎಂದೂ ಬರೆಯಬಹುದು. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಬರೆದರೂ ಯಾವ ನಿಯಮವೂ ಮುರಿಯುವುದಿಲ್ಲ. ಹಾಗಿರುವಾಗ ಊಹಿಸದೆ ಅವಳಾದರೂ ಏನು ಮಾಡಿಯಾಳು?

ಈ ಅಳತೆಯ ಸುಡೋಕುವನ್ನು ಪೂರ್ತಿ ತುಂಬುವ ಬಗೆಗಳು ಒಟ್ಟು 288. ಮನೆಗಳನ್ನು ನೋಡಿ ಆರಿಸಿದರೆ ನಾಲ್ಕೇ ಅಂಕೆಗಳನ್ನು ಕೊಟ್ಟು ಒಂದೇ ಉತ್ತರ ಬರುವಂತೆ ಮಾಡಬಹುದು. ನೀವು ಏಳು ಕೊಟ್ಟರೂ ಸಾಲಲಿಲ್ಲ. ಆ ನಾಲ್ಕು ಮನೆಗಳಲ್ಲಿ ಯಾವುದಾದರೂ ಒಂದನ್ನು ತುಂಬಿಕೊಟ್ಟಿದ್ದರೆ ಒಗಟು ಸರಿಹೋಗುತ್ತಿತ್ತು. ಇನ್ನು ಮುಂದೆ ಅಂಕೆಗಳನ್ನು ಅಳಿಸಿದ ಮೇಲೆ, ಉತ್ತರವನ್ನು ಮುಚ್ಚಿಟ್ಟು, ನೀವೇ ಒಮ್ಮೆ ಬಿಡಿಸಿ ನೋಡಿ. ಎಲ್ಲಿ ನಿಮಗೂ ಕಾರಣ ಸಿಗುವುದಿಲ್ಲವೋ ಅಲ್ಲಿ ಒಂದು ಅಂಕೆಯನ್ನು ಹಿಂದಿರುಗಿಸಿ.

ಪ್ರಶ್ನೆ ಕೇಳಿದವರು:

ಹಾಳೆ ತೆಗೆದು ನೋಡಿದೆ. ನಾನು ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿದ್ದು ನೀವು ಹೇಳಿದ ಎರಡನೆಯ ಉತ್ತರಕ್ಕೇ! ಅವಳನ್ನು ಕರೆದು ತಪ್ಪು ನನ್ನದೇ ಎಂದು ಒಪ್ಪಿಕೊಂಡಾಗ, ‘ಹಾಗಾದ್ರೆ ಅಮ್ಮಂಗೂ ಒಂದು ಇಂಟು’ ಎಂದು ಪೆನ್ನು ಕಸಿದುಕೊಂಡಳು. ಕೂಡುವ ಲೆಕ್ಕವೂ ಸೇರಿರುವ ಒಗಟು ಯಾವುದಾದರೂ ಇದೆಯೇ?

ಉತ್ತರ (ಪ್ರಾಥಮಿಕ ಶಾಲಾ ಶಿಕ್ಷಕಿ):

ಇದೆ. ಸುಡೋಕುವಿನಲ್ಲಿ ಅಂಕೆಗಳು ಬರಿಯ ಗುರುತುಗಳು; ಕೂಡಿಸಲು ಬೇಕೆಂದರೆ ತ್ರಿಕೋನ ಒಳ್ಳೆಯದು. ಮೂರು ಮೂಲೆಗಳಲ್ಲಿ ಮೂರು, ಬದಿಗಳ ನಡುವೆ ಮೂರು ಸೊನ್ನೆ ಬರೆದು, 1ರಿಂದ 6ರವರೆಗಿನ ಚೀಟಿಗಳನ್ನು ಕೊಡಿ. ಪ್ರತಿ ಬದಿಯ ಮೂರು ಚೀಟಿಗಳನ್ನು ಕೂಡಿದರೆ 9 ಬರಬೇಕು. ಮೂರು ಬದಿಗಳು ಸೇರಿ 27, ಚೀಟಿಗಳ ಮೊತ್ತ 21, ಎರಡೆರಡು ಸಲ ಎಣಿಕೆಯಾಗುವ ಮೂಲೆಗಳಿಂದಲೇ ಆ ಹೆಚ್ಚಿನ 6 ಬಂದಿದೆ, ಆದ್ದರಿಂದ ಮೂಲೆಗಳಿಗೆ 1, 2, 3 ಎಂಬುದು ನಮಗೆ ಗೊತ್ತಿದ್ದರೆ ಸಾಕು, ಅವಳಿಗೆ ಹೇಳಬೇಕಾಗಿಲ್ಲ. 6ನ್ನು ಮೂಲೆಯಲ್ಲಿಟ್ಟಾಗ ಎರಡು ಬದಿಗಳಿಗೂ 1 ಮತ್ತು 2 ಬೇಕಾಗಿ ಚೀಟಿ ಸಾಲದೆ ಹೋಗುವುದನ್ನು ಅವಳೇ ಕಂಡುಕೊಳ್ಳುತ್ತಾಳೆ. ಆಮೇಲೆ 10, 11, 12 ಬರಿಸಲು ಹೇಳಿ. ಅಲ್ಲಿಗೆ ನಿಲ್ಲಿಸಿ; 13ಕ್ಕೆ ಉತ್ತರವೇ ಇಲ್ಲ, ನಿಮಗೆ ಇನ್ನೊಂದು ಇಂಟು ಬಿದ್ದೀತು.